ಸಿಗ್ನೇಚರ್ ಸ್ವಲ್ಪ ಮೊಟಕು ಮಾಡು, ತಮ್ಮಾ

ಪ್ರೀತಿಯ ತಮ್ಮಾ,

ನಿನ್ನ ಮೇಲ್ ಬಂತು. ವಿಷಯ ಒಂದೇ ಸಾಲು. ಅದರ ಕೆಳಗೆ ಹೋಮ್‌ಸ್ಟೇ ಲೋಗೊ, ಮೂರು ಫೋನ್ ನಂಬರ್, ಫೇಸ್‌ಬುಕ್ಕು, ಇನ್‌ಸ್ಟಾಗ್ರಾಂ, ಒಂದು ಸುಭಾಷಿತ, ಎಲ್ಲಾ ಮುಗಿದ ಮೇಲೆ 'ಮಾರಿಕಾಂಬಾ ಜಾತ್ರೆಗೆ ಈಗಲೇ ರೂಮು ಬುಕ್ ಮಾಡಿ' ಅಂತ. ಜಾತ್ರೆ ಮುಗಿದು ಮಳೆಯೂ ಹಿಡಿಯಿತು. ಅದು ಬರೋದು ಎರಡು ವರ್ಷಕ್ಕೊಮ್ಮೆ ಅಂತ ಶಿರಸಿಯವನಿಗೆ ನಾನು ಹೇಳಬೇಕಾ? ಇಂಥ ನಾಲ್ಕು ದಿನದ ಸುದ್ದಿಯನ್ನು ಮೇಲ್ ಒಳಗೆ ಬರಿ, ಪ್ರತಿ ಮೇಲಿನ ಕೊನೆಗೂ ತಾನೇ ಸೇರಿಕೊಳ್ಳುವ ಈ ಸಿಗ್ನೇಚರ್‌ನಲ್ಲಿ ಹಾಕಬೇಡ. ಹಾಕಿದವರು ತೆಗೆಯೋದನ್ನು ಮರೆತೇ ಮರೆಯುತ್ತಾರೆ.

ಆ ಜಾಗ ಇರೋದು ಓದುವವರ ಅನುಕೂಲಕ್ಕೆ. ಗೋಕರ್ಣ ನೋಡಿಕೊಂಡು ದೇವಿಮನೆ ಘಟ್ಟ ಹತ್ತಿ ಬರುವವರು ದಾರಿ ಕೇಳೋಕೆ ನಿನ್ನ ಮೇಲ್ ತೆಗೆದು ನಂಬರ್ ಹುಡುಕುತ್ತಾರೆ, ಆಗ ಅವರಿಗೆ ಬೇಕಾದ್ದು ನೀನು ಎತ್ತುವ ಒಂದೇ ನಂಬರು, ಮೂರಲ್ಲ. ಹೆಸರು, ಹೋಮ್‌ಸ್ಟೇ ಹೆಸರು, ಊರು, ಫೋನು. ಸಾಕು. 1995ರಲ್ಲೇ ಇಂಟರ್‌ನೆಟ್ ಶಿಷ್ಟಾಚಾರದ ಬಗ್ಗೆ ಬರೆದಿಟ್ಟವರು ಸಿಗ್ನೇಚರ್ ನಾಲ್ಕು ಸಾಲು ದಾಟಬಾರದು ಅಂದಿದ್ದರು. ನನಗೆ ಈಗಲೂ ಅದೇ ಸರಿ ಅನಿಸುತ್ತದೆ.

ನೀನು ಬಳಸೋ ಮೇಲ್ ಪ್ರೋಗ್ರಾಂ ಥಂಡರ್‌ಬರ್ಡ್ ಅಲ್ವಾ? ಅಕೌಂಟ್ ಸೆಟ್ಟಿಂಗ್ಸ್‌ಗೆ ಹೋಗು. ಅಕೌಂಟಿನ ಹೆಸರು ಒತ್ತಿದರೆ ಸಿಗ್ನೇಚರ್ ಬರೆಯುವ ಚೌಕ ಕಾಣುತ್ತದೆ. ಅಲ್ಲೇ ಕೆಳಗೆ 'ಮ್ಯಾನೇಜ್ ಐಡೆಂಟಿಟೀಸ್' ಅಂತ ಇದೆ ನೋಡು, ಒಂದೇ ಅಕೌಂಟಿನಿಂದ ಬೇರೆ ಬೇರೆ ಹೆಸರಲ್ಲಿ ಮೇಲ್ ಕಳಿಸೋಕೆ. ನಿನಗೆ ನಿಜವಾಗಿ ಬೇಕಾದ್ದು ಅದು. ಸೊಸೈಟಿ ಲೆಕ್ಕದ ಮೇಲ್‌ಗೂ ಹೋಮ್‌ಸ್ಟೇ ಲೋಗೊ ಹೋಗುತ್ತಿದೆ, ಸೆಕ್ರೆಟರಿಯವರು ಮುಖ ನೋಡಿ ಹೇಳಲಿಲ್ಲ ಅಷ್ಟೆ. ಎರಡು ಐಡೆಂಟಿಟಿ ಮಾಡಿ ಒಂದೊಂದಕ್ಕೂ ಬೇರೆ ಸಿಗ್ನೇಚರ್ ಕೊಡು. ಮೇಲ್ ಬರೆಯುವಾಗ 'ಫ್ರಮ್' ಜಾಗದಲ್ಲಿ ಹೆಸರು ಬದಲಿಸಿದರೆ ಸಿಗ್ನೇಚರೂ ತಾನೇ ಬದಲಾಗುತ್ತದೆ.

ಇನ್ನೊಂದು. ಒಂದೇ ವಿಷಯಕ್ಕೆ ಹತ್ತು ಸಲ ಉತ್ತರ ಹೋಗಿ ಬಂದರೆ ಹತ್ತು ಸಲವೂ ಆ ಪೂರ್ತಿ ಜಾತಕ ಯಾಕೆ? ಅದೇ ಅಕೌಂಟ್ ಸೆಟ್ಟಿಂಗ್ಸ್‌ನ 'ಕಂಪೋಸಿಷನ್ ಅಂಡ್ ಅಡ್ರೆಸಿಂಗ್' ಒಳಗೆ, ಉತ್ತರಕ್ಕೆ ಸಿಗ್ನೇಚರ್ ಬೇಕಾ, ಫಾರ್ವರ್ಡ್‌ಗೆ ಬೇಕಾ ಅಂತ ಬೇರೆ ಬೇರೆ ಟಿಕ್ ಇವೆ. ಉತ್ತರದ್ದು ತೆಗೆದುಬಿಡು.

ಸಿಗ್ನೇಚರ್ ಮೇಲೆ ಎರಡು ಪುಟ್ಟ ಅಡ್ಡಗೆರೆ (--) ಕಾಣುತ್ತಲ್ಲ, ಅದು ಗಲೀಜಲ್ಲ, ಅಳಿಸಬೇಡ. ಎರಡು ಗೆರೆ, ಆಮೇಲೆ ಒಂದು ಸ್ಪೇಸು. ಅದನ್ನು ನೋಡಿಯೇ ಥಂಡರ್‌ಬರ್ಡ್‌ನಂಥವು ಇಲ್ಲಿಂದ ಕೆಳಗೆ ಸಿಗ್ನೇಚರ್ ಅಂತ ತಿಳಿದು, ಎದುರಿನವರು ಉತ್ತರಿಸುವಾಗ ಆ ಭಾಗವನ್ನು ಬಿಟ್ಟುಬಿಡುತ್ತವೆ.

ಲೋಗೊ ಬೇಕೇ ಬೇಕು ಅಂದ್ರೆ ತೀರಾ ಸಣ್ಣದು ಮಾಡಿ ಹಾಕು. ವೆಬ್‌ಸೈಟಿನಿಂದ ಎಳೆದುಕೊಳ್ಳುವ ಚಿತ್ರವಾದರೆ ಎಷ್ಟೋ ಜನರ ಮೇಲ್ ಪ್ರೋಗ್ರಾಂ ಅದನ್ನು ತಡೆದು ಖಾಲಿ ಚೌಕ ತೋರಿಸುತ್ತದೆ. ಫೋನ್ ನಂಬರನ್ನಂತೂ ಚಿತ್ರದೊಳಗೆ ಬರೆಯಬೇಡ ಮಾರಾಯ, ಚಿತ್ರ ಬರದಿದ್ದರೆ ನಂಬರೂ ಇಲ್ಲ.

ಕನ್ನಡದಲ್ಲಿ ಹೆಸರು ಹಾಕಿದ್ದು ಖುಷಿಯಾಯ್ತು. ಆದರೆ ನನಗೆ ಕಂಡಿದ್ದು ಬರೀ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದಿರಬೇಕು, ಆ ಫಾಂಟ್ ಇಲ್ಲದವರಿಗೆ ಹಾಗೇ ಕಾಣೋದು. ಆ ಫಾಂಟ್ ಇಲ್ಲದವರಿಗೂ ಕನ್ನಡವಾಗಿಯೇ ಕಾಣುವ ಯುನಿಕೋಡ್‌ನಲ್ಲಿ ಬರಿ. ಸಿಗ್ನೇಚರನ್ನು ಫೈಲಿನಿಂದ ತೆಗೆದುಕೊಳ್ಳುವ ಹಾಗೂ ಮಾಡಬಹುದು. ಹಾಗೆ ಮಾಡಿದರೆ ನೋಟ್‌ಪ್ಯಾಡ್‌ನಲ್ಲಿ ಯುಟಿಎಫ್-8 ಅಂತ ಆರಿಸಿ ಸೇವ್ ಮಾಡು, ಯುನಿಕೋಡ್ ಅಕ್ಷರ ಉಳಿಯೋದು ಅದರಲ್ಲಿ. ಅಲ್ಲೇ ಇರುವ ಹಳೇ ಬಗೆ ಎಎನ್‌ಎಸ್‌ಐ ಅಂತ ಸೇವ್ ಮಾಡಿದರೆ ಕನ್ನಡವೆಲ್ಲ ಪ್ರಶ್ನೆ ಚಿಹ್ನೆ ಆಗಿಬಿಡುತ್ತದೆ.

ಇಷ್ಟು ಮಾಡಿ ನನಗೊಂದು, ನಿನ್ನ ದೊಡ್ಡಮ್ಮನಿಗೊಂದು ಮೇಲ್ ಕಳಿಸು. ಅವಳು ಫೋನಿನಲ್ಲೇ ಓದೋದು, ಅಲ್ಲಿ ಹೇಗೆ ಕಾಣುತ್ತದೆ ಅಂತ ಕೇಳಿ ಹೇಳುತ್ತೇನೆ.

ಆಶೀರ್ವಾದಗಳು,
ದೊಡ್ಡಪ್ಪ, ಕಾರವಾರ