ನೆಲ ಕೊಟ್ಟವರಿಗೆ

ಕಳೆದ ವಾರ ಮಂಗಳೂರಿನ ಕುದ್ಮುಲ್ ರಂಗರಾವ್ ಪುರಭವನದಲ್ಲಿ ಬೀಡಿ ಕಟ್ಟುವ ಹೆಂಗಸರ ಬಗ್ಗೆ ನಾವು ಮಾಡಿದ ನೃತ್ಯ ಪ್ರಯೋಗ ಆಯ್ತು. ನಾನು ನೃತ್ಯ ಸಂಯೋಜನೆಗೆ ಇಳಿದು ಇಪ್ಪತ್ತು ವರ್ಷ ಆಯ್ತು ಅಂತ ತಂಡದ ಮಕ್ಕಳೇ ಸೇರಿ ಇಟ್ಟುಕೊಂಡ ಕಾರ್ಯಕ್ರಮ. ಕೊನೆಯಲ್ಲಿ ಮೈಕ್ ಕೊಟ್ಟರು. ಆದರೆ ಹಾಲ್ ಬಿಟ್ಟುಕೊಡುವ ಹೊತ್ತಾಗಿತ್ತು, ವಾಚ್‌ಮನ್ ಬಾಗಿಲ ಹತ್ತಿರ ನಿಂತು ಕೀಲಿಗೊಂಚಲು ಅಲ್ಲಾಡಿಸುತ್ತಿದ್ದರು. ಹೇಳಬೇಕಾದ್ದು ಬಹಳ ಇತ್ತು, ಇಲ್ಲಿ ಬರೆಯುತ್ತೇನೆ.

ಕಂಟೆಂಪರರಿ ಡ್ಯಾನ್ಸ್ ಮಾಡುವವರಿಗೆ ಮೊದಲು ಬೇಕಾದ್ದು ನೆಲ. ಸಂಗೀತ, ಬೆಳಕು ಎಲ್ಲ ಆಮೇಲೆ. ನಾವು ಬರಿಗಾಲಲ್ಲಿ ಬೀಳುತ್ತೇವೆ, ಉರುಳುತ್ತೇವೆ, ಭುಜದ ಮೇಲೆ ಜಾರುತ್ತೇವೆ. ನಮ್ಮೂರಲ್ಲಿ ಸಿಗುವುದು ಟೈಲ್ಸ್ ಇಲ್ಲವೇ ಸಿಮೆಂಟ್. ಅದರ ಮೇಲೆ ದಿನಾ ಹಾರಿದರೆ ಮೊಣಕಾಲಿನ ಕೆಳಗಿನ ಎಲುಬು ಸುಮ್ನೆ ಇರುವುದಿಲ್ಲ. ಬೆಂಗಳೂರಿನಲ್ಲಿ, ಅಟ್ಟಕ್ಕಲರಿ ಅನ್ನುವ ಕಂಟೆಂಪರರಿ ಡ್ಯಾನ್ಸ್ ಸಂಸ್ಥೆಯಲ್ಲಿ ಕಲಿಯುವಾಗ ಇದೆಲ್ಲ ತಲೆಗೇ ಬಂದಿರಲಿಲ್ಲ. ಅಲ್ಲಿ ನೆಲ ಇತ್ತು, ಕುಣಿದೆವು. ಊರಿಗೆ ಬಂದ ಮೇಲೆ ಗೊತ್ತಾಯ್ತು.

ಹಾಗಾಗಿ ಮೊದಲ ಧನ್ಯವಾದ ತುಳುವರ ಆಟಿ ತಿಂಗಳಿಗೆ. ತಮಾಷೆಯಲ್ಲ! ಆಟಿಯಲ್ಲಿ ನಮ್ಮ ಕಡೆ ಮದುವೆ ಇಲ್ಲ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಹಾಲ್‌ಗಳು ಖಾಲಿ. ಒಂದು ಮದುವೆ ಹಾಲ್‌ನ ಮ್ಯಾನೇಜರ್ ಅಣ್ಣ, ಹೆಸರು ಹಾಕಬೇಡ ಅಂದಿದ್ದಾರೆ, ಪ್ರತಿ ಆಟಿಗೆ ಬೆಳಗ್ಗೆ ಐದೂವರೆಗೆ ನಮಗೆ ಬಾಗಿಲು ತೆಗೆಯುತ್ತಿದ್ದರು. ಬಾಡಿಗೆ ಕೇಳಿದರೆ, "ಕರೆಂಟಿನದ್ದು ಕೊಡಿ ಸಾಕು ಟೀಚರ್, ಫ್ಯಾನ್ ಮಾತ್ರ ಜಾಸ್ತಿ ಹಾಕಬೇಡಿ" ಅನ್ನುವುದು. ಹೊರಗೆ ಹುಚ್ಚು ಮಳೆ. ಒಳಗೆ ಗೋಡೆಗೆ ಒರಗಿಸಿಟ್ಟ ಕುರ್ಚಿ, ಹಿಂದಿನ ಮದುವೆಯ ಪ್ಲಾಸ್ಟಿಕ್ ಹೂವು. ನನ್ನ ಅರ್ಧಕ್ಕರ್ಧ ಕೆಲಸ ಹುಟ್ಟಿದ್ದು ಆ ಹೂವಿನ ಎದುರು.

ಕುಣಿಯಲು ನೆಲದ ಮೇಲೆ ಹಾಸುವ ನಮ್ಮ ವಿನೈಲ್ ಮ್ಯಾಟ್‌ನ ಸುರುಳಿಗಳನ್ನು ಬೆಂಗಳೂರಿನಿಂದ ತಂದ ಕಥೆ ತಂಡದಲ್ಲಿ ಎಲ್ಲರಿಗೂ ಗೊತ್ತು. ಶಿರಾಡಿ ಘಾಟಿ ಬಂದ್, ಬಸ್ಸು ಚಾರ್ಮಾಡಿ ಘಾಟಿಗೆ ತಿರುಗಿತು. ಮಧ್ಯರಾತ್ರಿ ಡಿಕ್ಕಿಯಲ್ಲಿ ಮ್ಯಾಟ್ ಒದ್ದೆಯಾಗುತ್ತಿದೆ ಅಂದಾಗ ತಮ್ಮ ಬೆಡ್‌ಶೀಟ್ ಬಿಚ್ಚಿ ಕೊಟ್ಟ ಕಂಡಕ್ಟರ್ ಎಲ್ಲಿದ್ದಾರೋ. ಅಣ್ಣಾ, ಆ ಮ್ಯಾಟ್ ಇನ್ನೂ ಉಂಟು.

ಇನ್ನು ದುಡ್ಡಿನ ವಿಷಯ. ನನ್ನ ತಂಡ ಉಳಿದದ್ದು ಶಾಲಾ ವಾರ್ಷಿಕೋತ್ಸವಗಳಿಂದ. ಡಿಸೆಂಬರ್ ಬಂದರೆ ನೂರಾರು ಮಕ್ಕಳು, ಮಿಂಚುವ ಬಟ್ಟೆ, ನಾಲ್ಕು ನಿಮಿಷದ ಹಾಡು. ಜೊತೆಗೆ ಮದುವೆಗಳ ಸಂಗೀತ್. ಇದನ್ನು ಹೇಳಿಕೊಳ್ಳಲು ನಮ್ಮ ವೃತ್ತಿಯಲ್ಲಿ ಕೆಲವರಿಗೆ ನಾಚಿಕೆ. ನನಗಿಲ್ಲ. ಸಾಲಾಗಿ ನಿಲ್ಲದ ಒಂದನೇ ಕ್ಲಾಸಿನ ಮಕ್ಕಳನ್ನು ವೇದಿಕೆಯ ಎಡದಿಂದ ಬಲಕ್ಕೆ ದಾಟಿಸುವುದು ಎಷ್ಟು ಕಷ್ಟ ಅಂತ ದಾಟಿಸಿದವರಿಗೇ ಗೊತ್ತು. ಆ ಎಲ್ಲ ಹೆಡ್ ಮಿಸ್‌ಗಳಿಗೆ ಧನ್ಯವಾದ, ತಡವಾಗಿ ಚೆಕ್ ಕೊಟ್ಟವರಿಗೂ.

"ಇದು ಯಾವ ಡ್ಯಾನ್ಸ್?" ಅಂತ ಕೇಳಿದವರಿಗೂ ಒಂದು ಮಾತು. ಶಿವರಾಮ ಕಾರಂತರು ಯಕ್ಷಗಾನದಿಂದ ಮಾತು ತೆಗೆದು, ಪಿಟೀಲು, ಸ್ಯಾಕ್ಸೋಫೋನ್ ಸೇರಿಸಿ ಬ್ಯಾಲೆ ಮಾಡಿದಾಗ ಅವರಿಗೂ ಬೈಗುಳ ಸಿಕ್ಕಿತ್ತು. ನಾನು ಅವರ ಸಾಲಿನವಳಲ್ಲ, ಆದರೆ ಈ ನೆಲದಲ್ಲಿ ಆ ಪ್ರಶ್ನೆ ಹೊಸತಲ್ಲ ಅನ್ನುವುದೇ ಎಷ್ಟೋ ಧೈರ್ಯ. ಉಡುಪಿಯಲ್ಲಿ ನನಗೆ ತಾಳ ಹೇಳಿಕೊಟ್ಟ ಯಕ್ಷಗಾನದ ಭಾಗವತರು ಆ ಪ್ರಶ್ನೆ ಕೇಳಲೇ ಇಲ್ಲ. ತ್ರಿವುಡೆ ತಾಳದ ಏಳು ಅಕ್ಷರ ಕೈಯಲ್ಲಿ ಹಾಕಿಸಿದರು, ತಪ್ಪಿದರೆ ಜಾಗಟೆಯ ಕೋಲಿನಿಂದ ಮೇಜಿಗೆ ಕುಟ್ಟಿದರು, ಚಹಾ ಕುಡಿಸಿ ಕಳಿಸಿದರು. ಒಂದು ಷರತ್ತು ಮಾತ್ರ ಹಾಕಿದ್ದರು: "ಕೋಲದ ಗಗ್ಗರಕ್ಕೆ ಕೈ ಹಾಕಬೇಡ. ಅದು ಕಲೆಯಲ್ಲ, ನಂಬಿಕೆ." ದೈವದ ಕೋಲದಲ್ಲಿ ಕಾಲಿಗೆ ಕಟ್ಟುವ ಬಳೆ ಅದು. ಇವತ್ತಿಗೂ ಕೈ ಹಾಕಿಲ್ಲ.

ಈಗ ಬೀಡಿಯ ವಿಷಯ. ಇಷ್ಟೆಲ್ಲ ಬರೆಯಲು ಕೂತದ್ದು ಇದಕ್ಕಾಗಿಯೇ.

ಸುರತ್ಕಲ್ ಹತ್ತಿರದ ಒಂದು ಮನೆಯ ಜಗಲಿಯಲ್ಲಿ ಬೀಡಿ ಕಟ್ಟುವ ಆರೇಳು ಜನ ಅಕ್ಕಂದಿರು ನಮಗೆ ಪಾಠ ಮಾಡಿದರು. ಅವರ ಜಗಲಿಯೂ ನೆಲವೇ ಅಲ್ವಾ? ಕಾಲು ಚಾಚಿ ಕೂತು ಮಡಿಲಲ್ಲಿ ತಡ್ಪೆ, ಅಂದರೆ ಮೊರ. ಒದ್ದೆ ಬಟ್ಟೆಯಿಂದ ಎಲೆ ತೆಗೆದು ತಗಡಿನ ಅಳತೆ ಇಟ್ಟು ಕತ್ತರಿಸುವುದು. ಎಲೆ ಮೇಲೆ ಚಿಟಿಕೆ ಹೊಗೆಸೊಪ್ಪಿನ ಹುಡಿ. ಎರಡೂ ಹೆಬ್ಬೆರಳು ಒಟ್ಟಿಗೆ ಮುಂದಕ್ಕೆ ತಳ್ಳುತ್ತವೆ, ಎಲೆ ಸುತ್ತಿಕೊಳ್ಳುತ್ತದೆ, ನೂಲು ಎರಡು ಸುತ್ತು, ಬಾಯಿ ಮಡಚಿದರೆ ಮುಗಿಯಿತು. ನೋಡನೋಡುತ್ತಿದ್ದಂತೆ ಮುಂದಿನದ್ದು. ಕಣ್ಣು ಮಾತ್ರ ರಸ್ತೆಯಲ್ಲಿ, ಬಾಯಿಯಲ್ಲಿ ಊರ ಸುದ್ದಿ. ಬೆರಳು ಇಷ್ಟು ಓಡುವಾಗ ಸೊಂಟದಿಂದ ಕೆಳಗೆ ಮೈ ಕಲ್ಲು. ವರ್ಷಗಟ್ಟಲೆ ಹಾಗೇ ಕೂತ ಬೆನ್ನು ಅದು. ಸಂಜೆ ಎದ್ದು ಕಟ್ಟಿದ ಬೀಡಿ ಕೊಡುವ ಬ್ರಾಂಚಿಗೆ ಹೊರಡುವಾಗ ಮೊದಲ ನಾಲ್ಕು ಹೆಜ್ಜೆ ಬಗ್ಗಿಯೇ ಇಡುತ್ತಾರೆ, ಐದನೆಯದಕ್ಕೆ ನೆಟ್ಟಗಾಗುತ್ತಾರೆ. ನಮ್ಮ ಪ್ರಯೋಗದ ಕೊನೆಯ ಭಾಗ ಪೂರ್ತಿ ಆ ನಾಲ್ಕು ಹೆಜ್ಜೆ.

ಅಷ್ಟು ನಿಧಾನಕ್ಕೆ ಹೋಗುವ ಧೈರ್ಯ ನೃತ್ಯ ಸಂಯೋಜಕಿ ಚಂದ್ರಲೇಖಾ ಅವರಿಂದ ಬಂದದ್ದು. ಅವರ 2001ರ 'ಶರೀರ' ನೋಡುವವರೆಗೆ ವೇದಿಕೆಯಲ್ಲಿ ಸುಮ್ಮನಿರುವುದೂ ಕೆಲಸವೇ ಅಂತ ನನಗೆ ಅನಿಸಿರಲಿಲ್ಲ.

ಪುರಭವನದಲ್ಲಿ ಅಕ್ಕಂದಿರಿಗೆ ಮುಂದಿನ ಸಾಲು. ಹತ್ತು ನಿಮಿಷ ಕಳೆದರೂ ನಮ್ಮ ಹುಡುಗಿಯರು ಕೂತಲ್ಲೇ ಕೂತು ಬೆರಳಾಡಿಸುತ್ತಿದ್ದರು. ಒಬ್ಬರು ಸಾಕಷ್ಟು ದೊಡ್ಡದಾಗಿಯೇ ಕೇಳಿದರು, "ಕುಣಿಯುವುದು ಯಾವಾಗ ಮಾರಾಯ್ತಿ?" ಪಕ್ಕದವರು ಸಿಟ್ಟಲ್ಲಿ, "ಸುಮ್ನೆ ಕೂತ್ಕೋ, ಆ ಬಲಗಡೆಯವಳು ನೂಲು ಸುತ್ತಿಲ್ಲ, ಬೀಡಿ ಬಿಚ್ಚಿ ಹೋಗ್ತದೆ" ಅಂದರು. ಇದಕ್ಕಿಂತ ಒಳ್ಳೆಯ ವಿಮರ್ಶೆ ನನಗೆ ಸಿಕ್ಕಿಲ್ಲ. ಬಲಗಡೆಯವಳಿಗೆ ಮಾರನೇ ದಿನವೇ ಹೇಳಿದ್ದೇನೆ.

ಆ ಹುಡುಗಿಯರಿಗೂ ಹುಡುಗರಿಗೂ ಏನು ಹೇಳುವುದು! ಒಬ್ಬಳು ನರ್ಸ್, ನೈಟ್ ಡ್ಯೂಟಿ ಮುಗಿಸಿ ನೇರ ಅಭ್ಯಾಸಕ್ಕೆ. ಒಬ್ಬ ಬ್ಯಾಂಕಿನಲ್ಲಿ. ಇನ್ನೊಬ್ಬನ ಮನೆಯವರು, ಡ್ಯಾನ್ಸ್ ಬಿಟ್ಟರೆ ಬೈಕ್ ಕೊಡಿಸುತ್ತೇವೆ ಅಂದಿದ್ದರು. ಅವನು ಈಗಲೂ ಬಸ್ಸಿನಲ್ಲೇ ಬರುತ್ತಾನೆ. ಅವನ ಅಮ್ಮ ಕಳೆದ ವಾರ ಮೂರನೇ ಸಾಲಿನಲ್ಲಿದ್ದರು. ನಮಸ್ಕಾರ ಅಮ್ಮಾ.

ಮನೆಯವರ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಅವರಿಗೆ ಇಷ್ಟ ಆಗುವುದಿಲ್ಲ. ನನ್ನ ಅತ್ತೆ ಇಪ್ಪತ್ತು ವರ್ಷವೂ ನನ್ನ ಪಾಲಿನ ಗಂಜಿ ಮುಚ್ಚಿಟ್ಟಿದ್ದಾರೆ, ಅಷ್ಟು ಹೇಳಿದರೆ ಸಾಕು.

ಕೊನೆಗೊಂದು ಸೂಚನೆ. ನಮ್ಮ ಮ್ಯಾಟ್ ಸೆಪ್ಟೆಂಬರ್‌ವರೆಗೆ ಖಾಲಿ ಇದೆ. ಮಂಗಳೂರು, ಉಡುಪಿ ಕಡೆ ಹೊಸದಾಗಿ ತಂಡ ಕಟ್ಟಿದ ಮಕ್ಕಳು ಯಾರಿಗಾದರೂ ಬೇಕಿದ್ದರೆ ಕೇಳಿ, ಬಾಡಿಗೆ ಇಲ್ಲ. ಟೆಂಪೊ ಖರ್ಚು ನಿಮ್ಮದು. ಚಪ್ಪಲಿ ಹಾಕಿ ಹತ್ತಬೇಡಿ, ಒದ್ದೆ ಇದ್ದಾಗ ಸುತ್ತಿಡಬೇಡಿ.