ಪಂದ್ಯದ ನಡುವೆ ವೇಷ ಮರೆಸಿಕೊಂಡ ಬೆಟ್ಟಿಂಗ್ ಜಾಹೀರಾತು: ಪ್ರಸಾರ ಸಂಸ್ಥೆಗೆ ದೂರು

ಇಂದ,
ಒಬ್ಬ ವಾರ್ಷಿಕ ಚಂದಾದಾರರು,
ಹಾಸನ

ಗೆ,
ಕುಂದುಕೊರತೆ ಅಧಿಕಾರಿಗಳು,
ಕ್ರೀಡಾ ನೇರ ಪ್ರಸಾರ ವಿಭಾಗ

ವಿಷಯ: ಕ್ರಿಕೆಟ್ ಪಂದ್ಯಗಳ ನೇರ ಪ್ರಸಾರದಲ್ಲಿ ಬೇರೆ ಹೆಸರಿನಲ್ಲಿ ಬರುತ್ತಿರುವ ಬೆಟ್ಟಿಂಗ್ ಜಾಹೀರಾತುಗಳು ಮತ್ತು ಆ್ಯಪ್‌ನೊಳಗಿನ ಊಹೆಯ ಆಟದ ಕುರಿತು

ಮಾನ್ಯರೇ,

ತಮ್ಮ ಆ್ಯಪ್‌ನ ವಾರ್ಷಿಕ ಚಂದಾ ನನ್ನ ಹೆಸರಿನಲ್ಲಿದ್ದು, ನಮ್ಮ ಮನೆಯಲ್ಲಿ ಕ್ರಿಕೆಟ್ ನೋಡುವುದು ಅದರ ಮೂಲಕವೇ. ವಿದೇಶಿ ಟಿ20 ಲೀಗ್‌ಗಳ ನೇರ ಪ್ರಸಾರದಲ್ಲಿ ಒಂದು ಓವರ್ ಮುಗಿದು ಇನ್ನೊಂದು ಶುರುವಾಗುವ ನಡುವೆ ತಾವು ತೋರಿಸುತ್ತಿರುವ ಎರಡು ಜಾಹೀರಾತುಗಳ ಬಗ್ಗೆ ಈ ದೂರು ಬರೆಯುತ್ತಿದ್ದೇನೆ. ಒಂದು ತನ್ನನ್ನು ಕ್ರೀಡಾ ಸುದ್ದಿಯ ಜಾಲತಾಣವೆಂದು ಹೇಳಿಕೊಳ್ಳುತ್ತದೆ, ಇನ್ನೊಂದು ಆಟದ ಉಡುಪು ಮಾರುವ ಕಂಪನಿಯೆಂದು. ಸುದ್ದಿಯ ತಾಣದಲ್ಲಿ ಹಳಸಿದ ನಾಲ್ಕಾರು ವರದಿಗಳ ಹೊರತು ಏನೂ ಇಲ್ಲ. ಉಡುಪಿನ ಕಂಪನಿಯಿಂದ ಒಂದು ಟೀ ಶರ್ಟ್ ಕೊಳ್ಳಲು ಹೋದರೆ ಎಲ್ಲಿಯೂ ದಾರಿ ಸಿಗುವುದಿಲ್ಲ. ಆದರೆ ಎರಡರ ಹೆಸರು, ಬಣ್ಣ ಮತ್ತು ಲಾಂಛನ ಮಾತ್ರ ಹಣ ಕಟ್ಟಿಸಿಕೊಂಡು ಆಡಿಸುವ ಎರಡು ಬೆಟ್ಟಿಂಗ್ ತಾಣಗಳದ್ದೇ ಆಗಿದ್ದು, ಹೆಸರಿನ ಕೊನೆಗೆ ಒಂದು ಪದವನ್ನು ಜೋಡಿಸಿರುವುದಷ್ಟೇ ವ್ಯತ್ಯಾಸ.

ಇದರ ಜೊತೆಗೆ, ಪಂದ್ಯ ನಡೆಯುತ್ತಿರುವಾಗ ಪರದೆಯ ಬದಿಯಲ್ಲಿ ‘ಮುಂದಿನ ಓವರಿನಲ್ಲಿ ಎಷ್ಟು ರನ್?’ ಎಂದು ಕೇಳಿ, ಸರಿಯಾಗಿ ಊಹಿಸಿದವರಿಗೆ ಕಾಯಿನ್ ಕೊಡುವ ಆಟವೊಂದನ್ನು ತಮ್ಮ ಸಂಸ್ಥೆಯೇ ನಡೆಸುತ್ತಿದೆ. ಅದನ್ನು ಮುಚ್ಚಿದರೆ ಮುಂದಿನ ಓವರಿಗೆ ಮತ್ತೆ ಬಂದು ಕೂರುತ್ತದೆ. ಕಾಯಿನ್‌ಗಳಿಗೆ ಹಣದ ಬೆಲೆ ಇಲ್ಲವೆಂಬುದು ನನಗೆ ಗೊತ್ತಿದೆ. ಹಾಗಿದ್ದೂ ಅದನ್ನು ಈ ದೂರಿನಲ್ಲಿ ಸೇರಿಸಿರುವ ಕಾರಣವನ್ನು ಮುಂದೆ ಹೇಳುತ್ತೇನೆ.

ಈ ವಿಷಯವಾಗಿ ಆ್ಯಪ್‌ನ ಸಹಾಯ ವಿಭಾಗಕ್ಕೆ ಮೊದಲೇ ಬರೆದಿದ್ದೆ. ಜಾಹೀರಾತುದಾರರು ಸುದ್ದಿ ಮತ್ತು ಉಡುಪಿನ ವ್ಯಾಪಾರದವರೆಂದು ದಾಖಲಾಗಿದ್ದಾರೆ, ಮೈದಾನದ ಫಲಕಗಳಲ್ಲಿ ಕಾಣುವ ಹೆಸರುಗಳು ವಿದೇಶದಿಂದ ಬರುವ ದೃಶ್ಯದ ಭಾಗ, ಊಹೆಯ ಆಟ ವೀಕ್ಷಕರ ಮನರಂಜನೆಗಾಗಿ ಇದೆ ಎಂಬ ಉತ್ತರ ಬಂತು. ನಾನು ಮರುಪ್ರಶ್ನೆ ಕೇಳುವ ಮೊದಲೇ ದೂರು ‘ಪರಿಹಾರವಾಗಿದೆ’ ಎಂದು ಮುಚ್ಚಿಯೂ ಹೋಗಿತ್ತು. ಯಾರಿಗೆ ಪರಿಹಾರವಾಯಿತೋ ತಿಳಿಯದು.

ಇಷ್ಟಕ್ಕೆ ಇಷ್ಟು ಉದ್ದದ ಪತ್ರವೇಕೆ ಎಂದು ತಮಗೆ ಅನಿಸಬಹುದು. ನನ್ನ ಮೈದುನನ ಒಪ್ಪಿಗೆ ಪಡೆದು ಈ ಮಾತುಗಳನ್ನು ಬರೆಯುತ್ತಿದ್ದೇನೆ. ಅವನು ಜಿಲ್ಲಾ ಮಟ್ಟದ ಲೀಗ್‌ನಲ್ಲಿ ಆಡಿದವನು, ಆಟವನ್ನು ಬಲ್ಲವನು. ಐಪಿಎಲ್ ಸಮಯದಲ್ಲಿ ಗೆಳೆಯರೊಂದಿಗೆ ಸಣ್ಣ ಮೊತ್ತ ಕಟ್ಟಿ ಫ್ಯಾಂಟಸಿ ತಂಡ (ನಿಜ ಆಟಗಾರರನ್ನು ಆರಿಸಿ ಕಟ್ಟುವ ಕಾಲ್ಪನಿಕ ತಂಡ) ಮಾಡುವುದರಿಂದ ಶುರುವಾದದ್ದು, ಕೆಲವೇ ಸೀಸನ್‌ಗಳಲ್ಲಿ ವಾಟ್ಸ್ಆ್ಯಪ್‌ನಲ್ಲಿ ಏಜೆಂಟನಿಂದ ‘ಐಡಿ’ (ಬೆಟ್ಟಿಂಗ್ ತಾಣದ ಖಾತೆ) ತೆಗೆದುಕೊಂಡು ಸೆಷನ್ ಕಟ್ಟುವ, ಅಂದರೆ ಇಂತಿಷ್ಟು ಓವರಿನಲ್ಲಿ ಎಷ್ಟು ರನ್ ಬರುತ್ತದೆಂದು ಪಣ ಕಟ್ಟುವ ಮಟ್ಟಕ್ಕೆ ಹೋಯಿತು. ಇದು ಜೂಜಲ್ಲವೇ ಎಂದು ನಾನು ಕೇಳಿದಾಗ ಅವನ ಬಳಿ ಸಿದ್ಧ ಉತ್ತರವಿತ್ತು: “ಇಂಡಿಯಾ ಟೀಮಿನ ಜೆರ್ಸಿ ಮೇಲೇ ಇಂಥ ಆಟದ ಹೆಸರಿದೆ ಅತ್ತಿಗೆ, ಜೂಜಾಗಿದ್ರೆ ಹಾಕಿಸ್ತಿದ್ರಾ?” ನನಗೆ ಆಗ ಮರುಮಾತು ತೋಚಲಿಲ್ಲ. ಪ್ರಾಯೋಜಕತ್ವಕ್ಕೆ ಕಂಪನಿಗಳು ಕೋಟಿಗಟ್ಟಲೆ ಸುರಿಯುವುದು ಏಕೆಂದು ನನಗೆ ಅರ್ಥವಾದದ್ದು ಆ ಪ್ರಶ್ನೆಯಿಂದ. ಹೆಸರು ಎಲ್ಲರಿಗೂ ತಿಳಿಯಲಿ ಎಂಬುದಷ್ಟೇ ಅವರ ಉದ್ದೇಶವಲ್ಲ, ಜನ ಪ್ರೀತಿಸುವ ಆಟದ ಮರ್ಯಾದೆಯಲ್ಲಿ ತಮಗೂ ಒಂದು ಪಾಲು ಸಿಗಲಿ ಎಂಬುದೂ ಹೌದು.

ಇಸ್ಪೀಟಿನಲ್ಲೋ ಓಸಿಯಲ್ಲೋ ಸೋತವನು ನಸೀಬನ್ನು ಬೈದುಕೊಂಡು ಏಳುವ ಸಾಧ್ಯತೆಯಾದರೂ ಇರುತ್ತದೆ. ಕ್ರಿಕೆಟ್ ಬಲ್ಲವನು ಹಾಗೆ ಏಳುವುದಿಲ್ಲ. ಪಿಚ್ ಓದಿದ್ದು ಸರಿಯಿತ್ತು, ಇಬ್ಬನಿಯ ಲೆಕ್ಕ ಮಾತ್ರ ತಪ್ಪಿತು, ನಾಳೆ ಸರಿಪಡಿಸಿಕೊಳ್ಳುತ್ತೇನೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಾನೆ. ಆನ್‌ಲೈನ್ ಆಟಗಳ ವಿಷಯದಲ್ಲಿ ನಮ್ಮ ನ್ಯಾಯಾಲಯಗಳಲ್ಲಿ ‘ಕೌಶಲದ ಆಟವೋ, ಅದೃಷ್ಟದ ಆಟವೋ’ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ರದ್ದುಪಡಿಸಿದ್ದರ ಹಿಂದೆಯೂ ಈ ಭೇದವಿತ್ತು. ಕಾನೂನಿನ ದೃಷ್ಟಿಯಲ್ಲಿ ಅದಕ್ಕೆ ಏನೇ ಬೆಲೆಯಿರಲಿ, ಚಟ ಹತ್ತಿದವನ ಮಟ್ಟಿಗೆ ಕೌಶಲವೆಂಬ ನಂಬಿಕೆಯೇ ಅವನನ್ನು ಹೆಚ್ಚು ಕಾಲ ಹಿಡಿದಿಡುತ್ತದೆ ಎಂಬುದನ್ನು ನಾನು ನಮ್ಮ ಮನೆಯಲ್ಲೇ ಕಂಡಿದ್ದೇನೆ. ಹೋದ ಹಣವನ್ನು ಮರಳಿ ತರುವ ಹಟದಲ್ಲಿ ಚೀಟಿಯ ಹಣ ಹೋಯಿತು, ನನ್ನ ವಾರಗಿತ್ತಿಯ ಒಡವೆ ಗಿರವಿ ಅಂಗಡಿ ಸೇರಿತು, ಕೊನೆಗೆ ಮೀಟರ್ ಬಡ್ಡಿಯವರು ಬಾಗಿಲಿಗೆ ಬಂದಾಗ ಮನೆಯವರಿಗೆಲ್ಲ ವಿಷಯ ತಿಳಿಯಿತು. ಆ ದಿನಗಳನ್ನು ಇಲ್ಲಿ ವಿವರಿಸುವ ಅಗತ್ಯವಿಲ್ಲ.

ಅವನಿಗೆ ಬೆಂಗಳೂರಿನಲ್ಲಿ ಚಿಕಿತ್ಸೆ ಕೊಡಿಸಿದೆವು. ಜೂಜಿನ ಚಟ ಸ್ವಭಾವದೋಷವಲ್ಲ, ಕಾಯಿಲೆ ಎಂಬುದನ್ನು ಒಪ್ಪಿಕೊಳ್ಳಲು ಮನೆಯ ಹಿರಿಯರಿಗೆ ಸಮಯ ಹಿಡಿಯಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ 11ನೇ ಆವೃತ್ತಿಯು, ಅಂದರೆ 2022ರ ಜನವರಿಯಿಂದ ಜಾರಿಯಲ್ಲಿರುವ ಪಟ್ಟಿಯು, ಜೂಜಿನ ಚಟವನ್ನು ಮದ್ಯ ಮತ್ತು ಮಾದಕ ವಸ್ತುಗಳ ವ್ಯಸನದ ಪಕ್ಕದಲ್ಲೇ ಇರಿಸಿದೆ. ವ್ಯಸನವನ್ನು ಕೆರಳಿಸುವ ಸಂದರ್ಭಗಳಿಂದ ದೂರವಿರಬೇಕೆಂಬುದು ಅಲ್ಲಿ ಸಿಕ್ಕ ಸಲಹೆಗಳಲ್ಲಿ ಮೊದಲನೆಯದು. ಹಣದ ವ್ಯವಹಾರವನ್ನು ಹೆಂಡತಿಗೆ ಒಪ್ಪಿಸಿದ, ಫೋನ್ ನಂಬರ್ ಬದಲಿಸಿದ, ಏಜೆಂಟನ ಬಳಗವನ್ನು ಬಿಟ್ಟ. ಕುಡಿತ ಬಿಟ್ಟವನು ಬಾರ್ ಇರುವ ಬೀದಿಯನ್ನು ಬಳಸಿಕೊಂಡು ಹೋಗಬಹುದು, ಇವನಿಗೆ ಅಂಥ ಬಳಸುದಾರಿ ಇಲ್ಲ, ಏಕೆಂದರೆ ಇವನು ಬಾಲ್ಯದಿಂದ ಪ್ರೀತಿಸಿದ ಆಟವೇ ಆ ಬೀದಿ. ಜೂಜು ಬಿಡಲು ಕ್ರಿಕೆಟ್ಟನ್ನೂ ಬಿಡಬೇಕೆಂಬ ಷರತ್ತನ್ನು ವೈದ್ಯರು ಹಾಕಲಿಲ್ಲ, ನಾವೂ ಹಾಕಲಿಲ್ಲ. ಹಾಕುತ್ತಿರುವುದು ತಮ್ಮ ಸಂಸ್ಥೆಯ ಜಾಹೀರಾತು ವಿಭಾಗ.

ಸೆಷನ್ ಕಟ್ಟುವವನ ಮನಸ್ಸು ಕುದಿಯುವುದು ಚೆಂಡು ಗಾಳಿಯಲ್ಲಿರುವಾಗಲ್ಲ, ಓವರ್ ಮುಗಿದು ಪಣದ ದರ ಬದಲಾಗುವ ಆ ಅರ್ಧ ನಿಮಿಷದಲ್ಲಿ. ತಾವು ಆ ಜಾಹೀರಾತುಗಳನ್ನು ಹಾಕುವುದು ನಿಖರವಾಗಿ ಆ ಅರ್ಧ ನಿಮಿಷಕ್ಕೆ. ಊಹೆಯ ಆಟ ಕೇಳುವ ಪ್ರಶ್ನೆಯೂ ಬುಕ್ಕಿ ಕೇಳುವ ಪ್ರಶ್ನೆಯೇ, ಹಣದ ಜಾಗದಲ್ಲಿ ಕಾಯಿನ್ ಇದೆ, ಅಷ್ಟೆ. ಚಟವಿಲ್ಲದ ಪ್ರೌಢರಿಗೆ ಅದು ಮನರಂಜನೆ ಇರಬಹುದು. ಆದರೆ ಅದೇ ಸೋಫಾದ ಮೇಲೆ ಕೂತು ಪಂದ್ಯ ನೋಡುವ, ಇನ್ನೂ ಮೀಸೆ ಮೂಡದ ಹುಡುಗನಿಗೆ ಪ್ರತಿ ಓವರಿಗೂ ಪಣದ ಲೆಕ್ಕ ಹಾಕುವ ಅಭ್ಯಾಸವನ್ನು ಅದು ಪುಕ್ಕಟೆಯಾಗಿ ಕಲಿಸುತ್ತದೆ. ಹಣದ ಬೆಲೆಯಿಲ್ಲದ ಆ ಆಟವನ್ನು ಈ ದೂರಿನಲ್ಲಿ ಸೇರಿಸಿದ್ದು ಇದಕ್ಕಾಗಿ.

ಜಾಹೀರಾತುದಾರರು ಸುದ್ದಿಯವರು, ಉಡುಪಿನವರು ಎಂಬ ತಮ್ಮ ಉತ್ತರದ ವಿಷಯಕ್ಕೆ ಬರುತ್ತೇನೆ. ಬೆಟ್ಟಿಂಗ್ ತಾಣಗಳು ಸುದ್ದಿಯ ಜಾಲತಾಣಗಳ ವೇಷದಲ್ಲಿ ಜಾಹೀರಾತು ನೀಡುತ್ತಿವೆ, ಎರಡರ ಲಾಂಛನಗಳಲ್ಲಿ ಎದ್ದು ಕಾಣುವ ಹೋಲಿಕೆ ಇದೆ ಎಂದು ಕೇಂದ್ರ ಮಾಹಿತಿ ಮತ್ತು ಪ್ರಸಾರ ಸಚಿವಾಲಯವು 2022ರ ಅಕ್ಟೋಬರ್ 3ರಂದು ಟಿ.ವಿ. ವಾಹಿನಿಗಳಿಗೂ ಒಟಿಟಿ ಸಂಸ್ಥೆಗಳಿಗೂ ಸೂಚನಾಪತ್ರ ಹೊರಡಿಸಿ ಎಚ್ಚರಿಸಿತ್ತು. ಅದೇ ವರ್ಷದ ಜೂನ್‌ನಲ್ಲಿ ಪ್ರಕಟವಾದ, ದಾರಿ ತಪ್ಪಿಸುವ ಜಾಹೀರಾತುಗಳ ತಡೆಗೆ ಸಂಬಂಧಿಸಿದ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿಗಳು, ನಿಷೇಧಿತ ವಸ್ತುವನ್ನು ಇನ್ನೊಂದರ ಮರೆಯಲ್ಲಿ ಪ್ರಚಾರ ಮಾಡುವುದನ್ನು ನಿಷೇಧಿಸಿವೆ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯಂತೂ ಕೌಶಲ–ಅದೃಷ್ಟದ ಭೇದವನ್ನೇ ಬದಿಗಿಟ್ಟು ಹಣ ಕಟ್ಟುವ ಎಲ್ಲ ಆನ್‌ಲೈನ್ ಆಟಗಳನ್ನು ನಿಷೇಧದ ವ್ಯಾಪ್ತಿಗೆ ತಂದಿದ್ದು, ಅವುಗಳ ಜಾಹೀರಾತಿಗೆ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ 50 ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡನ್ನೂ ಹೇಳುತ್ತದೆ. ಆಡಿದವನನ್ನು ಅಪರಾಧಿಯಾಗಿ ಕಾಣದೆ, ಆಡಿಸಿದವರನ್ನು ಮತ್ತು ಪ್ರಚಾರ ಮಾಡಿದವರನ್ನು ಹೊಣೆ ಮಾಡಿರುವುದು ಆ ಕಾಯ್ದೆಯಲ್ಲಿ ನನಗೆ ಸರಿಯೆನಿಸಿದ ಅಂಶ. ಲಾಂಛನವನ್ನು ಹೋಲಿಸಿ ನೋಡಲು ಹಾಸನದ ಒಬ್ಬ ಗೃಹಿಣಿಗೆ ಹತ್ತು ನಿಮಿಷ ಸಾಕಾಯಿತೆಂದ ಮೇಲೆ, ಕಾನೂನು ವಿಭಾಗವನ್ನೇ ಇಟ್ಟುಕೊಂಡಿರುವ ಸಂಸ್ಥೆಗೆ ಅದು ತಿಳಿಯಲಿಲ್ಲ ಎಂದರೆ ನಂಬುವುದು ಕಷ್ಟ.

ವಿದೇಶಿ ದೃಶ್ಯದ ಬಗ್ಗೆ ತಾವು ಹೇಳಿದ್ದರಲ್ಲಿ ಸ್ವಲ್ಪ ನಿಜವಿದೆ. ದಕ್ಷಿಣ ಆಫ್ರಿಕಾದ ಎಸ್ಎ20 ಟೂರ್ನಿಯ ಶೀರ್ಷಿಕೆಯಲ್ಲೇ ಬೆಟ್‌ವೇ ಎಂಬ ಬೆಟ್ಟಿಂಗ್ ಕಂಪನಿಯ ಹೆಸರಿದೆ. ಆ ದೇಶದಲ್ಲಿ ಅದು ಕಾನೂನುಬದ್ಧ, ಅದನ್ನು ಅಳಿಸಿಹಾಕಿ ಎಂದು ತಮ್ಮನ್ನು ಕೇಳಲಾರೆ. (ಆ ಟೂರ್ನಿಯ ಆರೂ ತಂಡಗಳು ನಮ್ಮ ಐಪಿಎಲ್ ತಂಡಗಳ ಮಾಲೀಕರದ್ದೇ ಎಂಬುದು ಬೇರೆ ಮಾತು, ಅದನ್ನು ಅವರೊಂದಿಗೆ ಕೇಳಬೇಕು.) ಆದರೆ ಒಂದೇ ಪಂದ್ಯದ ಮೈದಾನದಂಚಿನ ಫಲಕಗಳಲ್ಲಿ ಬೇರೆ ಬೇರೆ ದೇಶದ ವೀಕ್ಷಕರಿಗೆ ಬೇರೆ ಬೇರೆ ಜಾಹೀರಾತು ಕಾಣಿಸುವ ತಂತ್ರಜ್ಞಾನ ಯುರೋಪಿನ ಫುಟ್‌ಬಾಲ್ ಪ್ರಸಾರದಲ್ಲಿ ಈಗಾಗಲೇ ಬಳಕೆಯಲ್ಲಿದೆ. ಸಿನಿಮಾದಲ್ಲಿ ಯಾರಾದರೂ ಬೀಡಿ ಹಚ್ಚಿದರೆ ಪರದೆಯ ಕೆಳಗೆ ಎಚ್ಚರಿಕೆ ಬರಬೇಕೆಂಬ ನಿಯಮ 2023ರ ಸೆಪ್ಟೆಂಬರ್‌ನಿಂದ ಒಟಿಟಿಗೂ ಅನ್ವಯಿಸುತ್ತದೆ. ಬೆಟ್ಟಿಂಗ್ ಹೆಸರು ಕಾಣುವ ಪಂದ್ಯಕ್ಕೆ ಅಂಥ ಒಂದು ಸಾಲನ್ನು ಹಾಕಲು ತಮಗೆ ಯಾವ ವಿದೇಶಿ ಸಂಸ್ಥೆಯ ಅಡ್ಡಿಯೂ ಇರಲಾರದು. ಇನ್ನು ಓವರ್‌ಗಳ ನಡುವಿನ ಜಾಹೀರಾತುಗಳನ್ನು ಮಾರುವವರು ತಾವೇ. ಅವು ಎಲ್ಲಿಂದಲೋ ಬಂದು ಬೀಳುವುದಿಲ್ಲ.

ಈ ಹಣವಿಲ್ಲದೆ ಆಟ ನಡೆಯದು ಎಂಬ ಮಾತನ್ನೂ ಕೇಳಿದ್ದೇನೆ. 1996ರ ವಿಶ್ವಕಪ್‌ನ ಹೆಸರಿನಲ್ಲೇ ವಿಲ್ಸ್ ಸಿಗರೇಟಿನ ಹೆಸರಿತ್ತು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವೆಂಕಟೇಶ್ ಪ್ರಸಾದ್ ಅವರು ಆಮಿರ್ ಸೊಹೈಲ್ ಅವರನ್ನು ಬೌಲ್ಡ್ ಮಾಡಿದ ಆ ಕ್ವಾರ್ಟರ್ ಫೈನಲ್ ನಡೆದದ್ದೂ ಅದೇ ಹೆಸರಿನಡಿಯಲ್ಲಿ. 2003ರ ಕಾಯ್ದೆ ತಂಬಾಕಿನ ಪ್ರಾಯೋಜಕತ್ವಕ್ಕೆ ತೆರೆ ಎಳೆಯಿತು, ಕ್ರಿಕೆಟ್ ಬಡವಾಗಲಿಲ್ಲ. 2023ರಿಂದ ಭಾರತ ತಂಡದ ಜೆರ್ಸಿ ಪ್ರಾಯೋಜಕತ್ವ ಹೊಂದಿದ್ದ ಫ್ಯಾಂಟಸಿ ಆಟದ ಕಂಪನಿ ಡ್ರೀಮ್11 ಹೊಸ ಕಾಯ್ದೆಯ ಬೆನ್ನಲ್ಲೇ ಹಿಂದೆ ಸರಿದಾಗ, 2025ರ ಏಷ್ಯಾ ಕಪ್‌ನಲ್ಲಿ ನಮ್ಮವರು ಪ್ರಾಯೋಜಕರಿಲ್ಲದ ಅಂಗಿ ತೊಟ್ಟೇ ಆಡಿ ಕಪ್ ಗೆದ್ದರು. ಆ ಜಾಗಕ್ಕೆ ಅಪೊಲೊ ಟೈರ್ಸ್ ಬರಲು ತಿಂಗಳೂ ಹಿಡಿಯಲಿಲ್ಲ. ಬೆಟ್ಟಿಂಗ್ ಕಾನೂನುಬದ್ಧವಾಗಿರುವ ಇಂಗ್ಲೆಂಡಿನಲ್ಲೂ ಫುಟ್‌ಬಾಲ್‌ನ ಪ್ರೀಮಿಯರ್ ಲೀಗ್‌ನ ಕ್ಲಬ್‌ಗಳು 2025–26ರ ಸೀಸನ್ ಮುಗಿದ ಮೇಲೆ ಅಂಗಿಯ ಮುಂಭಾಗದಲ್ಲಿ ಜೂಜಿನ ಕಂಪನಿಗಳ ಹೆಸರು ಹಾಕುವುದಿಲ್ಲವೆಂದು 2023ರಲ್ಲಿ ತಾವಾಗಿಯೇ ಒಪ್ಪಿಕೊಂಡಿವೆ. ತೋಳು ಮತ್ತು ಫಲಕಗಳನ್ನು ಮಾತ್ರ ಬಿಟ್ಟುಕೊಟ್ಟಿಲ್ಲ, ಅದು ಅವರ ಜಾಣತನ. ಇಟಲಿ 2018ರ ಕಾನೂನಿನಲ್ಲಿ ಜೂಜಿನ ಜಾಹೀರಾತು ಮತ್ತು ಪ್ರಾಯೋಜಕತ್ವ ಎರಡನ್ನೂ ನಿಷೇಧಿಸಿತು.

ಆದ್ದರಿಂದ ನನ್ನ ಬೇಡಿಕೆಗಳು ಇಷ್ಟು. ಲಗತ್ತಿಸಿದ ಚಿತ್ರಗಳಲ್ಲಿರುವ ಎರಡೂ ಜಾಹೀರಾತುಗಳನ್ನು ಕೂಡಲೇ ತೆಗೆಯಬೇಕು ಮತ್ತು ಅವುಗಳನ್ನು ಒಪ್ಪಿಕೊಳ್ಳುವ ಮೊದಲು ಯಾವ ಪರಿಶೀಲನೆ ನಡೆದಿತ್ತೆಂಬುದನ್ನು ತಿಳಿಸಬೇಕು. ಊಹೆಯ ಆಟವನ್ನು ಪೂರ್ತಿ ನಿಲ್ಲಿಸಲಾಗದಿದ್ದರೆ, ಒಮ್ಮೆ ಆಫ್ ಮಾಡಿದರೆ ಮತ್ತೆ ತಲೆ ಎತ್ತದಂಥ ಸ್ವಿಚ್ಚನ್ನಾದರೂ ಕೊಡಬೇಕು, ಮಕ್ಕಳ ಪ್ರೊಫೈಲ್‌ನಲ್ಲಿ ಅದು ಇರಲೇಬಾರದು. ಬೆಟ್ಟಿಂಗ್ ಹೆಸರುಗಳು ಮೈದಾನದಲ್ಲಿ ಕಾಣುವ ವಿದೇಶಿ ಪಂದ್ಯಗಳ ಪ್ರಸಾರದಲ್ಲಿ ಒಂದು ಎಚ್ಚರಿಕೆಯ ಸಾಲನ್ನೂ, ಕನ್ನಡದಲ್ಲೂ ಮಾತಾಡಬಹುದಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನೂ ತೋರಿಸಬೇಕು. ಆ ಸಂಖ್ಯೆ ನಮಗೆ ಮೊದಲೇ ಗೊತ್ತಿದ್ದರೆ ಮೀಟರ್ ಬಡ್ಡಿಯವರು ಬರುವವರೆಗೆ ಕಾಯಬೇಕಿರಲಿಲ್ಲ.

ಚಂದಾ ಹಣವನ್ನು ವಾಪಸು ಕೇಳುತ್ತಿಲ್ಲ, ಚಂದಾ ರದ್ದುಪಡಿಸುವ ಸಲಹೆಯನ್ನೂ ದಯವಿಟ್ಟು ಕೊಡಬೇಡಿ. ನಮಗೆ ಪಂದ್ಯ ಬೇಕು. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಇಂಥ ದೂರಿಗೆ 15 ದಿನಗಳ ಗಡುವು ನೀಡಿವೆ. ಆ ಅವಧಿಯಲ್ಲಿ ಅಧಿಕಾರಿಯೊಬ್ಬರು ಓದಿ, ಸಹಿ ಮಾಡಿದ ಉತ್ತರವನ್ನು ಕನ್ನಡದಲ್ಲಿ ನಿರೀಕ್ಷಿಸುತ್ತೇನೆ. ಉತ್ತರ ಬಾರದಿದ್ದರೆ, ಅಥವಾ ಹಿಂದಿನಂತೆ ಯಂತ್ರದ ಉತ್ತರ ಬಂದರೆ, ಇದೇ ಪತ್ರವನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರಕ್ಕೂ ಮಾಹಿತಿ ಮತ್ತು ಪ್ರಸಾರ ಸಚಿವಾಲಯಕ್ಕೂ ಕಳುಹಿಸುತ್ತೇನೆ.

ಲಗತ್ತುಗಳು: ದಿನಾಂಕ ಮತ್ತು ಸಮಯ ಕಾಣುವಂತೆ ತೆಗೆದ ಜಾಹೀರಾತುಗಳ ಚಿತ್ರಗಳು, ಎರಡು ಬೆಟ್ಟಿಂಗ್ ತಾಣಗಳ ಲಾಂಛನಗಳ ಪ್ರತಿ, ಚಂದಾ ಪಾವತಿಯ ರಸೀದಿ, ಹಿಂದಿನ ದೂರು ಮತ್ತು ಅದಕ್ಕೆ ಬಂದ ಉತ್ತರದ ಪ್ರತಿ.

ಇಂತಿ ತಮ್ಮ ವಿಶ್ವಾಸಿ,
ಚಂದಾದಾರರು, ಹಾಸನ