ಜೋಡಿ ಸಿಲಿಂಡರ್ ಹೊರಿಸಿದ ಅಣ್ಣನಿಗೆ

ಗೋವಾದ ಗ್ರ್ಯಾಂಡ್ ಐಲ್ಯಾಂಡ್ ಹತ್ತಿರ ದೋಣಿಯಲ್ಲಿ ಸಿಕ್ಕಿದ್ದ ಧಾರವಾಡ ಕಡೆಯ ಅಣ್ಣಾ, ನಿಮ್ಮ ಹೆಸರು ಕೇಳೋದೇ ಮರೆತೆ. ಸ್ಕೂಬಾ ಡೈವಿಂಗಿಗೆ ಬೆನ್ನ ಮೇಲೆ ಹೊರುವ ಗಾಳಿಯ ಒಂಟಿ ಸಿಲಿಂಡರ್ ಬಿಟ್ಟು ಜೋಡಿಗೆ ಬಂದು ನನಗಿನ್ನೂ ಒಂದು ವಾರ. 12 ಲೀಟರಿನ ಎರಡು ಉಕ್ಕಿನ ಸಿಲಿಂಡರ್. ಎದ್ದು ನಿಂತರೆ ಅಕ್ಕಿ ಮೂಟೆ ಹೊತ್ತ ಹಾಗೆ! ಗಾಳಿ ಸೋರಿದರೆ ಆ ಕಡೆಯ ವಾಲ್ವ್ ಮುಚ್ಚಬೇಕು. ಅದೋ ತಲೆಯ ಹಿಂದೆ. ನನಗೆ ಬೆರಳ ತುದಿ ಮಾತ್ರ ತಾಗುತ್ತಿತ್ತು.

ನೀವು ಭುಜದ ಪಟ್ಟಿಯನ್ನು ಎರಡು ಬೆರಳಷ್ಟು ಸಡಿಲ ಮಾಡಿದಿರಿ. "ತಮ್ಮಾ, ಎಡಗೈಲೆ ಸಿಲಿಂಡರ್ ಬುಡಾ ಮ್ಯಾಲೆ ನೂಕು, ಬಲಗೈಲೆ ತಿರುವು" ಅಂದಿರಿ. ಮುಳುಗೋಕೆ ಸೊಂಟಕ್ಕೆ ಕಟ್ಟಿದ್ದ ಸೀಸದ ತೂಕವನ್ನೂ ಕಡಿಮೆ ಮಾಡಿಸಿದಿರಿ. ಉಕ್ಕಿನ ಭಾರವೇ ಜಾಸ್ತಿ ಅಲ್ವಾ?

ನೀರಿನಲ್ಲಿ ಬುಡ ನೂಕಿದೆ. ವಾಲ್ವಿನ ಗುಂಡಿ ಪೂರ್ತಿ ಮುಷ್ಟಿಗೆ ಬಂತು. ಮುಚ್ಚಿದೆ, ಮತ್ತೆ ತೆರೆದೆ. ತುಂಬಾ ಥ್ಯಾಂಕ್ಸ್ ಅಣ್ಣಾ. ನಿಮ್ಮ ಡಬ್ಬಿಯ ಅವಲಕ್ಕಿ ಖಾಲಿ ಮಾಡಿದ್ದೂ ನಾನೇ.